ಗುಂಡವ್ವನ ನೀರು, ಗುಂಡವ್ವನ ಊಟ

ಶ್ರಾವಣ ಹಿಡಿದ ಮೊದಲ ವಾರದಲ್ಲಿ ಖಾನಾಪುರದ ಆ ಮನೆಗೆ ಹೋದಾಗ ಬಾಗಿಲು ತೆಗೆಯುವ ಮೊದಲೇ ವಾಸನೆ ಬಂತು. ಮೀನು ಕೊಳೆತ ವಾಸನೆಯಲ್ಲ. ಹಾಲು ಒಡೆದ ಪಾತ್ರೆಯನ್ನು ಮುಚ್ಚಿಟ್ಟು ಮರೆತು, ಆಮೇಲೆ ಯಾವಾಗಲೋ ತೆರೆದರೆ ಬರುತ್ತದಲ್ಲ, ಅಂಥದ್ದು. ಅನ್ನ ನೀರಿನಲ್ಲಿ ಕೊಳೆಯುತ್ತಿದೆ ಎಂದು ಆಗಲೇ ಹೊಳೆಯಬೇಕಿತ್ತು. ಅದಕ್ಕೆ ನನಗೆ ಇನ್ನೊಂದು ಭೇಟಿ ಬೇಕಾಯಿತು.

ಟಿಳಕವಾಡಿಯಲ್ಲಿ ನಾನು ಕೆಲಸ ಮಾಡುವ ಅಂಗಡಿ ಮೀನು ಸಾಕುವ ಗಾಜಿನ ತೊಟ್ಟಿಗಳನ್ನು ಮಾರುತ್ತದೆ. ಮಾರಿದ ಮೇಲೆ ಮನೆಮನೆಗೆ ಹೋಗಿ ನೀರು ನೋಡಿಬರುವುದು ನನ್ನ ಪಾಲಿನ ಕೆಲಸ. ಫೋನ್ ಮಾಡಿದ್ದವಳು ಆ ಮನೆಯ ಸೊಸೆ. ಬೆಳಗಾವಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಅವಳು ಒಂದು ನೀರಾಮೆ ಸಾಕಿದ್ದಳು. ಅದಕ್ಕೆ ಬೇಕಾದ ಫಿಲ್ಟರನ್ನು ನಮ್ಮ ಅಂಗಡಿಯಲ್ಲೇ ಕೊಂಡಿದ್ದಳಂತೆ. ಮದುವೆಯಾದಾಗ ಅವಳ ಕಪಾಟು, ಹೊಲಿಗೆಯಂತ್ರದ ಜೊತೆ ಆಮೆಯೂ ಅದರ ಗಾಜಿನ ತೊಟ್ಟಿಯೂ ಒಂದು ಟೆಂಪೋದಲ್ಲಿ ಖಾನಾಪುರಕ್ಕೆ ಬಂದವು. ಕೊಳ್ಳುವಾಗ ಅದು ಅಂಗೈಯಲ್ಲಿ ಕೂರುವಷ್ಟಿತ್ತು. ಈಗ ಒಂದು ಗೇಣಿಗೂ ದೊಡ್ಡದು. ಕಿವಿಯ ಜಾಗದಲ್ಲಿ ಕೆಂಪು ಪಟ್ಟೆ. ಗುಂಡವ್ವ ಎಂದು ಹೆಸರು.

ತೊಟ್ಟಿ ಇದ್ದದ್ದು ಪಡಸಾಲೆಯಲ್ಲಿ, ದೇವರ ಜಗಲಿಯ ಎದುರುಗೋಡೆಗೆ. ಗುಂಡವ್ವನ ಎಡಗಣ್ಣಿನ ರೆಪ್ಪೆ ಊದಿಕೊಂಡು ಮುಚ್ಚಿತ್ತು. ನಾನು ಚೀಲ ಇಳಿಸುವಷ್ಟರಲ್ಲಿ ಮಾವ ಒಳಗಿಂದ ಬಂದರು. ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ.

"ಕುಂದರ್ರಿ ಮೇಡಂ. ಮಾತು ಸ್ವಚ್ಛ ಹೇಳಿಬಿಡತೀನಿ. ಶ್ರಾವಣದ ಕಡೀಕ ಸೊಸಿ ಕುಬಸ ಐತಿ. ಮಂದಿ ಬರತಾರು, ಇದಽ ಪಡಸಾಲ್ಯಾಗ ಉಡಿ ತುಂಬತಾರು. ಅಷ್ಟರೊಳಗ ಈ ವಾಸ ಹೋತಂದ್ರ ಚಲೋ. ಇಲ್ಲಂದ್ರ ನಾನಽ ಒಯ್ದು ಮಲಪ್ರಭಾಕ್ಕ ಬಿಟ್ಟು ಬರತೀನಿ. ದೇವರ ಜೀವ, ದೇವರ ಹೊಳಿ."

ಇದು ನಮ್ಮ ಹೊಳೆಯ ಆಮೆಯಲ್ಲ, ಹೊರದೇಶದ್ದು, ಹೊಳೆಗೆ ಬಿಟ್ಟರೆ ಅಲ್ಲಿನ ಆಮೆ ಮೀನುಗಳ ಆಹಾರಕ್ಕೆ ಕೈಹಾಕುತ್ತದೆ, ಇಲ್ಲಾ ಇದೇ ಸಾಯುತ್ತದೆ ಎಂದೆ. ಅವರು ತಾಳ್ಮೆಯಿಂದ ಕೇಳಿದರು.

"ಹೊಳಿ ದೊಡ್ಡದೈತ್ರಿ," ಎಂದು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು.

ಸೊಸೆ ಏಳು ತಿಂಗಳ ಬಸುರಿ. ಕುಬಸ, ಅಂದರೆ ಸೀಮಂತ, ಮುಗಿದ ಮೇಲೆ ಹೆರಿಗೆಗೆ ತವರಿಗೆ ಹೋಗುವವಳು. ತವರುಮನೆ ಬೆಳಗಾವಿಯಲ್ಲಿ ಮೇಲಂತಸ್ತಿನ ಎರಡು ಕೋಣೆಯ ಬಾಡಿಗೆ ಮನೆ. ಅಲ್ಲಿ ತೊಟ್ಟಿಗೆ ಜಾಗವಿಲ್ಲ. ಆಮೆಯ ನೀರಿಗೆ ಕೈ ಹಾಕಬೇಡ, ರೋಗಾಣು ಇರುತ್ತವೆ ಎಂದು ಡಾಕ್ಟರು ಆಗಲೇ ಹೇಳಿದ್ದರು. ಅವಳು ಮಾವ ಹೋದದ್ದನ್ನು ಖಾತ್ರಿ ಮಾಡಿಕೊಂಡು ತಗ್ಗಿದ ದನಿಯಲ್ಲಿ ಹೇಳಿದಳು: "ನಾ ಇರೂದ್ರೊಳಗ ಸರಿ ಆದ್ರ ಉಳೀತೈತ್ರಿ. ನಾ ಹೋದ ಮ್ಯಾಲ ಇದರ ಪರವಾಗಿ ಮಾತಾಡವರು ಯಾರೂ ಇಲ್ಲ."

ಕೆಲಸ ಶುರು ಮಾಡಿದೆ. ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು, ಎರಡು ಬಾಟಲಿಯ ಹನಿ ಬಿಟ್ಟು, ಅಲುಗಾಡಿಸಿ ಇಟ್ಟರೆ ಸ್ವಲ್ಪ ಹೊತ್ತಿಗೆ ಬಣ್ಣ ಬರುತ್ತದೆ. ಹಳದಿ ಉಳಿದರೆ ನೀರಿನಲ್ಲಿ ಅಮೋನಿಯಾ ಇಲ್ಲ. ಹಸಿರಾದಷ್ಟೂ ಕೆಟ್ಟದ್ದು. ಇದು ಕರಿಬೇವಿನ ಎಲೆಯ ಹಸಿರಾಯಿತು. ಆಮೆಯ ಉಚ್ಚೆ, ಹೇಲು, ಉಳಿದ ತಿನಿಸು ಎಲ್ಲವೂ ಕೊಳೆತು ಕೊನೆಗೆ ಆಗುವುದು ಅಮೋನಿಯಾ. ಅದನ್ನು ತಿಂದು ನಿರುಪದ್ರವಿ ಮಾಡುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಿಕೊಂಡಿರಬೇಕು. ಫಿಲ್ಟರು ಬಿಚ್ಚಿದೆ. ಸ್ಪಂಜು ಹೊಸದರ ಹಾಗೆ ಬೆಳ್ಳಗಿತ್ತು, ಮೂಲೆಗಳು ಮಾತ್ರ ಪಾತ್ರೆ ತಿಕ್ಕುವ ನಾರಿನಂತೆ ಸವೆದಿದ್ದವು.

"ಇದನ್ನ ಯಾರು ತೊಳೀತಾರ್ರಿ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ತುಸು ಹೆಮ್ಮೆಯಿಂದಲೇ ಹೇಳಿದರು: "ನಾನಽ. ಸೋಮವಾರಕ್ಕೊಮ್ಮೆ ಪೂರ್ತಿ ನೀರು ಚೆಲ್ಲಿ, ಸಬಕಾರ ಹಚ್ಚಿ, ನಳದ ಬುಡಕ್ಕ ಹಿಡದು ಹಿಂಡಿ ಹಿಂಡಿ ತೊಳೀತೀನಿ."

ಸೋಮವಾರ ಪೂಜೆಗೆ ಕೂರುವ ಮೊದಲು ಆ ಮನೆಯಲ್ಲಿ ಹೊಸ್ತಿಲಿನಿಂದ ಹಿತ್ತಲವರೆಗೆ ತೊಳೆಯದೆ ಬಿಡುವ ವಸ್ತುವಿಲ್ಲ. ತೊಟ್ಟಿಯೂ ಆ ಸಾಲಿಗೆ ಸೇರಿತ್ತು. ಪ್ರತಿ ವಾರ ಸ್ಪಂಜಿನಲ್ಲಿ ಕುದುರುತ್ತಿದ್ದ ಬ್ಯಾಕ್ಟೀರಿಯಾ ಪ್ರತಿ ಸೋಮವಾರ ಸಾಯುತ್ತಿತ್ತು. ತೊಳೆದ ದಿನ ನೀರು ಸ್ಫಟಿಕ, ವಾರದ ಕೊನೆಗೆ ಗಬ್ಬು. ವಾಸನೆ ಹೆಚ್ಚಾದಂತೆಲ್ಲ ಅತ್ತೆ ಇನ್ನೂ ಜೋರಾಗಿ ತಿಕ್ಕಿದ್ದರು.

ಸ್ಪಂಜು ತೊಳೆಯಬೇಡಿ, ನೀರು ಪೂರ್ತಿ ಚೆಲ್ಲಬೇಡಿ, ಮೂರರಲ್ಲಿ ಒಂದು ಪಾಲು ಮಾತ್ರ ಬದಲಿಸಿ ಎಂದೆ.

"ಸೋಮವಾರ ಮನಿ ತೊಳೀಬೇಕಲ್ರಿ."

"ಮನಿ ತೊಳೀರಿ ಅವ್ವಾರ. ಇದೊಂದು ಬಿಡ್ರಿ."

"ಮನಿ ಎಲ್ಲಾ ತೊಳದು ನಡುವ ಇದೊಂದು ಹೊಲಸು ಇಡು ಅಂತೀರಿ."

"ಹೊಲಸಲ್ರಿ ಅದು. ಬ್ಯಾಕ್ಟೀರಿಯಾ ಅಂತ..."

"ಕಂದು ಬಣ್ಣ ಇರತೈತಿ, ಲೋಳಿ ಇರತೈತಿ. ಹೊಲಸಲ್ಲಂದ್ರ ಮತ್ತೇನಂತಾರ ಅದಕ್ಕ?"

ನಾನು ಕೇಳಿದೆ, ಮೊಸರಿನ ಗಡಿಗೆಯನ್ನು ದಿನಾ ತಳ ಕಾಣುವಂತೆ ತೊಳೆದು ಹೆಪ್ಪನ್ನೇ ಉಳಿಸದಿದ್ದರೆ ನಾಳೆಯ ಹಾಲು ಮೊಸರಾಗುವುದು ಹೇಗೆ ಎಂದು.

"ಹಂಗ ಹೇಳ್ರಿ ಮತ್ತ," ಎಂದರು. "ಬ್ಯಾಕ್ಟೀರಿಯಾ ಪಾಕ್ಟೀರಿಯಾ ಅಂದ್ರ ನಮಗೇನು ತಿಳೀತೈತಿ."

ಆ ಸಲದ ಸೋಮವಾರ ಅವರು ಗಾಜಿನ ಹೊರಮೈ ಮಾತ್ರ ಒರೆಸಿದರಂತೆ. ಮಾತು ಉಳಿಸಿಕೊಂಡಿದ್ದರು. ಎರಡನೆಯ ಭೇಟಿಗೆ ನಾನು ಅಂಗಡಿಯ ಹಳೆಯ ತೊಟ್ಟಿಯೊಂದರಿಂದ ಕಂದುಗಟ್ಟಿದ ಸ್ಪಂಜಿನ ತುಂಡನ್ನು ಅದರದೇ ನೀರಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋದೆ. ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಚೀಲವನ್ನು ಒಡೆಯದಂತೆ ಎದೆಗೆ ಹಿಡಿದುಕೊಂಡು, ಕಿಟಕಿಯಿಂದ ಎರಚುವ ಮಳೆಗೆ ಒಂದು ತೋಳು ಪೂರ್ತಿ ನೆನೆಸಿಕೊಂಡು ಇಳಿದೆ. ಆ ತಿಂಗಳು ನನ್ನ ಬೆರಳ ಸಂದಿಗಳು ಒಣಗಿದ್ದೇ ಇಲ್ಲ.

"ಹೆಪ್ಪು ತಂದಿರೇನ್ರಿ?" ಎಂದು ಅತ್ತೆ ಬಾಗಿಲಲ್ಲೇ ಕೇಳಿದರು.

ತಂದಿದ್ದೆ. ಆದರೆ ತೊಟ್ಟಿಯ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಗಿತ್ತು. ಕೊಳವೆಯ ಬಣ್ಣ ಮೊದಲಿಗಿಂತ ಕಡು ಹಸಿರು. ಗುಂಡವ್ವನ ಇನ್ನೊಂದು ಕಣ್ಣೂ ಅರ್ಧ ಮುಚ್ಚಿತ್ತು. ಫಿಲ್ಟರು ಬಿಚ್ಚಿದರೆ ಸ್ಪಂಜಿನ ತುಂಬ ಅನ್ನದ ಅಗುಳು, ಉಬ್ಬಿದ ಚುರಮುರಿ, ರೊಟ್ಟಿಯ ಚೂರು. ಬೆರಳಿಟ್ಟರೆ ಅಂಟಾಗಿ ಎಳೆಯಿತು.

ಏನು ತಿನ್ನಿಸುತ್ತೀರಿ ಎಂದು ಮೊದಲ ದಿನವೇ ಕೇಳಿದ್ದೆ. "ಒಂದೀಟು ಏನರ" ಎಂದಿದ್ದರು ಅತ್ತೆ. ಈಗ ಇನ್ನೇನೂ ಕೇಳದೆ, ಸ್ಪಂಜು ಹಿಂಡುವ ನೆಪದಲ್ಲಿ ಪಡಸಾಲೆಯಲ್ಲೇ ಕುಳಿತೆ. ಮಾವ ಗಾಡಿ ಒರೆಸಲು ಅಂಗಳಕ್ಕೆ ಹೋಗುತ್ತ ತಿನ್ನುತ್ತಿದ್ದ ಬಾಳೆಹಣ್ಣಿನ ಕೊನೆ ಮುರಿದು ಹಾಕಿದರು. ಅವರ ಮಗ, ಸೊಸೆಯ ಗಂಡ, ಫೋನಿನಲ್ಲಿ ಮಾತಾಡುತ್ತಲೇ ಬಂದು ಬಿಸ್ಕೀಟಿನ ಅರ್ಧ ಎಸೆದು ಹೋದ. ಯಾರೋ ಲಗ್ನಪತ್ರಿಕೆ ಕೊಡಲು ಬಂದರು. ಅವರಿಗೆ ಚಹಾ ಚುರಮುರಿ ಬಂತು, ಹೋಗುವಾಗ ಅವರೂ ಒಂದು ಚಿಟಿಕೆ ಹಾಕಿದರು. ಎಲ್ಲರ ಎದುರೂ ಗುಂಡವ್ವ ಕುತ್ತಿಗೆ ಚಾಚಿ, ನಾಲ್ಕೂ ಕಾಲಿನಿಂದ ಗಾಜನ್ನು ಕೆರೆಯುತ್ತ ಏಳುತ್ತಿದ್ದಳು. ಕೊನೆಗೆ ಅತ್ತೆ ತಟ್ಟೆಯಲ್ಲಿ ಹಾಲಿನಲ್ಲಿ ನೆನೆಸಿದ ರೊಟ್ಟಿ ಹಿಡಿದು ಬಂದರು. ನನ್ನನ್ನು ನೋಡಿ ನಿಂತರು.

"ಮುಂಜಾನೆ ಹಂಚಿನ ಮ್ಯಾಗಿನ ಮೊದಲನೇ ರೊಟ್ಟಿ ನಾವು ತಿನ್ನಂಗಿಲ್ರಿ," ಎಂದರು. "ನಮ್ಮತ್ತಿ ಕಾಲದಿಂದ ಬಾಗಲಿಗೆ ಬರೂ ಆಕಳಕ್ಕ ಹಾಕತಿದ್ವಿ. ಈಗ ಎಲ್ಲಿ ಆಕಳ, ಓಣಿ ತುಂಬ ಗಾಡಿ. ಇದು ನೋಡಿದ್ರ ಕುತ್ತಿಗಿ ಚಾಚಿ ನಿಂತಿರತೈತಿ. ಇದಕ್ಕಽ ಹಾಕತೀನಿ."

"ಹೊಟ್ಟಿ ತುಂಬಿದ್ರೂ ಅದು ಬೇಡತೈತ್ರಿ ಅವ್ವಾರ. ಅದರ ಸ್ವಭಾವನಽ ಹಂಗ."

"ಹೊಟ್ಟಿ ತುಂಬಿದವರು ಯಾರರ ಬೇಡತಾರೇನವಾ?"

ಅಂಗಳದಲ್ಲಿ ಗಾಡಿ ಒರೆಸುತ್ತಿದ್ದ ಮಾವ ಅಲ್ಲಿಂದಲೇ ಹೇಳಿದರು: "ಬೇಡತಾರ. ಲಗ್ನದ ಪಂಗತಿನ್ಯಾಗ ನಿಮ್ಮಣ್ಣನ್ನ ನೋಡಿಲ್ಲೇನು?"

ಅತ್ತೆ ಆ ಕಡೆ ತಿರುಗಲಿಲ್ಲ. "ಬಾಯಿ ತೆರೆದು ನಿಂತ ಜೀವಕ್ಕ ಇಲ್ಲ ಅನ್ನಾಕ ನನಗ ಬರಂಗಿಲ್ಲ," ಎಂದು ನನಗೇ ಹೇಳಿದರು.

ಆ ಮನೆಯಲ್ಲಿ ಯಾರಿಗೂ ಇಲ್ಲ ಎಂದು ಹೇಳುವ ಅಭ್ಯಾಸವಿಲ್ಲ ಎಂಬುದು ನನಗೆ ಕಂಡಿತ್ತು. ಅಷ್ಟು ಜನರ ಒಳ್ಳೆಯತನ ದಿನಾ ಆ ಮೂರು ಅಡಿ ಗಾಜಿನೊಳಗೆ ಬಿದ್ದು ಕೊಳೆಯುತ್ತಿತ್ತು. ಇದನ್ನು ಅವರಿಗೆ ಹೀಗೆ ಹೇಳಲಾಗಲಿಲ್ಲ.

ಕಣ್ಣಿನ ಊತದ ಫೋಟೋವನ್ನು ನಾನು ಬೆಳಗಾವಿಯ ಪಶುವೈದ್ಯರೊಬ್ಬರಿಗೆ ತೋರಿಸಿದ್ದೆ. ಕಣ್ಣಿಗೆ ಹನಿ ಬರೆದುಕೊಟ್ಟಿದ್ದರು. ರೊಟ್ಟಿ ಅನ್ನದಿಂದ ಇದು ವಾಸಿಯಾಗುವುದಿಲ್ಲ, ಸರಿಯಾದ ಆಹಾರ ಕೊಡಿ ಎಂದಿದ್ದರು. ಸರಿಯಾದ ಆಹಾರವೆಂದರೆ ಸೊಪ್ಪು, ಗಜ್ಜರಿ, ಸಿಹಿಗುಂಬಳ, ಜೊತೆಗೆ ಆಮೆಗೆಂದೇ ಮಾಡಿದ ಒಣ ಕಾಳುಗಳು. ಕಾಳಿನ ಡಬ್ಬಿ ನನ್ನ ಚೀಲದಲ್ಲಿತ್ತು. ತೆರೆದೆ. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

"ಏನೈತಿ ಅದರಾಗ?"

ಸುಳ್ಳು ಹೇಳಬಹುದಿತ್ತು. ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಅವರು ಓದುತ್ತಿರಲಿಲ್ಲ. ಆದರೆ ಮೂಗು ಆಗಲೇ ಓದಿತ್ತು.

"ಮೀನಿನ ಪುಡಿ ಐತ್ರಿ."

"ಈ ಮನ್ಯಾಗ ಅದು ಬರಂಗಿಲ್ಲ ತಂಗಿ. ಶ್ರಾವಣ ಇರ್ಲಿ, ಇರದಽ ಇರ್ಲಿ."

ಸಿಟ್ಟಿನಿಂದ ಹೇಳಲಿಲ್ಲ. ಚಪ್ಪಲಿ ಹೊರಗೆ ಬಿಡಿ ಎನ್ನುವ ದನಿಯಲ್ಲಿ ಹೇಳಿ, ಹೋಗಿ ಕೈಕಾಲು ತೊಳೆದುಕೊಂಡು ಬಂದರು. ಸೊಸೆ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದಾಗ ಒಪ್ಪಿಕೊಂಡಳು: ತವರಿನಲ್ಲೂ ಇದೇ ಆಚಾರ, ಅಲ್ಲಿ ಡಬ್ಬಿಯನ್ನು ಮಾಳಿಗೆಯ ನೀರಿನ ಟಾಕಿಯ ಹಿಂದೆ ಇಟ್ಟು ಅಲ್ಲೇ ತಿನ್ನಿಸುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಡಬ್ಬಿ ತೆಗೆಯಲು ಧೈರ್ಯವಾಗಿರಲಿಲ್ಲ. "ಅದಕ್ಕಽ ಕಣ್ಣು ಹಿಂಗಾದ್ವೇನ್ರಿ?" ಎಂದಳು. ಒಂದು ಕಾರಣ ಅದೂ ಇರಬಹುದು ಎಂದಷ್ಟೇ ಹೇಳಿ ಬಸ್ ನಿಲ್ದಾಣಕ್ಕೆ ನಡೆದೆ.

ಅಂಗಡಿಯ ಮಾಲೀಕರು ಎಲ್ಲ ಕೇಳಿ, "ಬಿಟ್ಟುಬಿಡ್ರಿ ಅದನ್ನ. ಅವರ ಮನಿ, ಅವರ ಆಮಿ," ಎಂದರು. ಅಂಗಡಿಯಲ್ಲಿ ಇಟ್ಟುಕೊಳ್ಳೋಣವೇ ಎಂದು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದರು. ಅಂಗೈಯಷ್ಟಿರುವ ಮರಿ ಕೇಳಿಕೊಂಡು ಬರುವವರಿದ್ದಾರೆ, ಗೇಣುದ್ದದ್ದನ್ನು ಒಯ್ಯುವವರಿಲ್ಲ. ಅದು ನನಗೂ ಗೊತ್ತಿತ್ತು. ದೊಡ್ಡದಾದ ಆಮೆಗಳನ್ನು ಜನ ಏನು ಮಾಡುತ್ತಾರೆಂದೂ ಗೊತ್ತಿತ್ತು.

ಬಿಟ್ಟುಬಿಡಲು ನನಗೂ ಮನಸ್ಸಾಗಿತ್ತು ಎಂಬುದು ನಿಜ. ಕಾಕತಿಯ ಒಂದು ಮನೆಯಲ್ಲಿ ಹೊಸ ತೊಟ್ಟಿ ಕೂರಿಸಬೇಕಿತ್ತು, ಊರೊಳಗೆ ಇನ್ನೂ ಕೆಲವು ಭೇಟಿಗಳು ಬಾಕಿ ಇದ್ದವು, ಸೊಂಟ ಹಿಡಿದಿತ್ತು. ಆದರೂ ಅಂಗಡಿಯ ತೊಟ್ಟಿಗಳ ತಳದ ಕಸವನ್ನು ಕೊಳವೆ ಹಚ್ಚಿ ಎಳೆಯುತ್ತಿದ್ದಾಗ ಆ ಪಡಸಾಲೆಯ ಲೆಕ್ಕ ತಲೆಯಲ್ಲಿ ತಿರುಗುತ್ತಲೇ ಇತ್ತು. ಆಮೆ ತಿನ್ನುವುದು ನೀರಿನಲ್ಲಿ, ತಿನ್ನುವಾಗ ಅರ್ಧ ಹರಿದು ಚೆಲ್ಲುತ್ತದೆ, ತಿಂದ ಸ್ವಲ್ಪ ಹೊತ್ತಿಗೆ ಹೇಲುತ್ತದೆ. ನೀರು ಕೆಡುವುದೆಲ್ಲ ಆ ಹೊತ್ತಿನಲ್ಲಿ. ಉಣ್ಣುವ ನೀರನ್ನೂ ಇರುವ ನೀರನ್ನೂ ಬೇರೆ ಮಾಡಿದರೆ ತೊಟ್ಟಿಗೆ ಕೊಳೆಯುವುದೇ ಕಡಿಮೆ ಬೀಳುತ್ತದೆ. ಒಂದು ಟಬ್ಬಿನಲ್ಲಿ ತಿನ್ನಿಸಿ, ಅಲ್ಲೇ ಹೊರಕಡೆಗೂ ಬಿಟ್ಟು, ತೊಳೆದು ತಂದು ತೊಟ್ಟಿಗೆ ಬಿಡುವುದು. ಇದು ಹೊಸ ವಿಷಯವೇನಲ್ಲ. ಎತ್ತಿ ಇಳಿಸುವ ಕೆಲಸ ಸೊಸೆಗೆ ಆಗದೆಂದು ನಾನು ಆ ಮನೆಯಲ್ಲಿ ಅದರ ಮಾತೆತ್ತಿರಲಿಲ್ಲ. ಈಗ ಅನ್ನಿಸಿತು, ಟಬ್ಬು ಅದೇ ಮನೆಯಲ್ಲಿ ಇರಬೇಕು ಎಂದು ಎಲ್ಲಿದೆ?

ಮೂರನೆಯ ಸಲ ಹೋದಾಗ ಹಿತ್ತಲು ತೋರಿಸಿ ಎಂದೆ. ಎರಡು ಮನೆಗಳ ನಡುವೆ ಸೊಂಟದೆತ್ತರದ ಗೋಡೆ, ಅದರಲ್ಲೊಂದು ಕಿರುಬಾಗಿಲು. ಆಚೆ ಮರಾಠಿ ಮಾತಾಡುವ ಮನೆ. ಆ ಮನೆಯೊಡತಿಯನ್ನು ಓಣಿಯವರೆಲ್ಲ ವೈನಿ ಎನ್ನುತ್ತಿದ್ದರು. ಬಟ್ಟೆ ಒಗೆಯುತ್ತಿದ್ದ ಅವರಿಗೆ ಸೊಸೆಯೇ ಎಲ್ಲ ಹೇಳಿದಳು. ಗುಂಡವ್ವನಿಗೆ ಮೀನಿನ ಕಾಳನ್ನು ನಿಮ್ಮ ಹಿತ್ತಲಿನಲ್ಲಿ ತಿನ್ನಿಸಬಹುದೇ ಎಂದು ನಾನು ಕೇಳಿದೆ.

ವೈನಿ ಸೀರೆ ಹಿಂಡುವುದನ್ನು ನಿಲ್ಲಿಸಿದರು. "ಅಯ್ಯ, ನಮ್ಮಲ್ಲೂ ಶ್ರಾವಣ ಐತಲ್ರಿ. ಗಣಪತಿ ಎದ್ದು ಹೋಗೂತನಕ ನಮ್ಮ ಸುಕಟದ ಡಬ್ಬಿನೂ ಅಟ್ಟದ ಮ್ಯಾಲಽ." ಸುಕಟವೆಂದರೆ ಒಣಗಿಸಿದ ಸಣ್ಣ ಸೀಗಡಿ.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಮೀನು ತಿನ್ನುವ ಮನೆ ಸಿಕ್ಕಿತು ಎಂದುಕೊಂಡು ಬಂದರೆ ಆ ತಿಂಗಳು ಅವರೂ ಮೀನು ಬಿಟ್ಟಿದ್ದರು. ಗೋಡೆಯ ಈಚೆ ಅತ್ತೆ ತುಳಸಿಗೆ ನೀರು ಹಾಕುತ್ತ ಏನೂ ಕೇಳಿಸದವರಂತೆ ಇದ್ದರು.

ಆಮೇಲೆ ವೈನಿಯೇ ಹೇಳಿದರು: "ತಿನ್ನಂಗಿಲ್ಲಂತ ನಾವು ಹೇಳೇವಿ. ಅದಕ್ಕ ಯಾರು ಹೇಳ್ಯಾರ ಶ್ರಾವಣ? ಡಬ್ಬಿ ಮನಿಯೊಳಗ ಬ್ಯಾಡ, ಇಲ್ಲೇ ಬಂಬಿನ ಶೆಡ್ಡಿನ್ಯಾಗ ಇರ್ಲಿ." ಸ್ನಾನದ ನೀರು ಕಾಯಿಸುವ ಬಂಬು ಹಿತ್ತಲಿನ ಮೂಲೆಯಲ್ಲಿ ತಗಡಿನ ಮಾಡಿನ ಕೆಳಗಿತ್ತು. ಗೋಡೆಯತ್ತ ತಿರುಗಿ ದನಿ ಏರಿಸಿದರು. "ಕಾಕೂ, ನಿಮ್ಮ ಆಮಿ ನಮ್ಮ ಮನೀಗಿ ಉಣ್ಣಾಕ ಬಂದ್ರ ನಡೀತೈತೇನ್ರಿ?"

ತುಳಸಿಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ಬಿದ್ದಾಗಿತ್ತು.

"ನಿಮ್ಮನ್ಯಾಗ ಏನು ಹಾಕತೀರೋ ನಾ ಕೇಳಂಗಿಲ್ಲ," ಎಂದರು ಅತ್ತೆ. "ಉಂಡು ಬಂದ ಮ್ಯಾಲ ಬಾಯಿ ತೊಳದಽ ಒಳಗ ಬಿಡಬೇಕು."

"ತೊಳೀತೀನ್ರಿ. ಹಲ್ಲೂ ತಿಕ್ಕಿ ಕಳಸ್ತೀನಿ."

ತೊಳೆಯುವುದು ನನಗೂ ಬೇಕಿತ್ತು. ಚಿಪ್ಪಿಗಂಟಿದ ಚೂರು ತೊಟ್ಟಿಗೆ ಬರಬಾರದು. ಪದ್ಧತಿ ಹೀಗೆ ಗೊತ್ತು ಮಾಡಿದೆವು: ಒಂದು ದಿನ ಬಿಟ್ಟು ಒಂದು ದಿನ ಬೆಳಿಗ್ಗೆ ವೈನಿ ಬಂದು ಗುಂಡವ್ವನನ್ನು ಒಯ್ಯುವುದು. ಟಬ್ಬಿನಲ್ಲಿ ಬೆನ್ನು ಮುಳುಗುವಷ್ಟು ಬೆಚ್ಚಗಿನ ನೀರು. ಅದರ ತಲೆಯ ಗಾತ್ರದಷ್ಟೇ ಕಾಳು. ನಡುವಿನ ದಿನಗಳಲ್ಲಿ ಅದೇ ಟಬ್ಬಿನಲ್ಲಿ ಸೊಪ್ಪು, ತೆಳ್ಳಗೆ ಹೆಚ್ಚಿದ ಸಿಹಿಗುಂಬಳ. ಉಂಡು ಹೊರಕಡೆ ಆಗುವವರೆಗೆ ಬಿಡುವುದು. ಆ ನೀರು ನಿಂಬೆಗಿಡಕ್ಕೆ. ಮುಟ್ಟಿದವರು ಸಬಕಾರದಿಂದ ಕೈ ತೊಳೆಯುವುದು. ತೊಟ್ಟಿಯೊಳಗೆ ಯಾರೂ, ಏನೂ, ಒಂದು ಅಗುಳೂ ಹಾಕಬಾರದು. ಸ್ಪಂಜಿನಲ್ಲಿ ಅಂಟಿದ್ದನ್ನೆಲ್ಲ ತೊಟ್ಟಿಯದೇ ನೀರಿನಲ್ಲಿ ಹಿಂಡಿ ತೆಗೆದು, ಅಂಗಡಿಯಿಂದ ತಂದ ಕಂದು ತುಂಡನ್ನು ಅದರ ಪಕ್ಕ ಕೂರಿಸಿದೆ.

ಗುಂಡವ್ವ ಟಬ್ಬಿನಲ್ಲಿ ತಿನ್ನಲಿಲ್ಲ. ತಲೆ, ಕಾಲು ಎಲ್ಲ ಒಳಗೆಳೆದುಕೊಂಡು ಕಲ್ಲಿನಂತೆ ಕುಳಿತಳು. ಕಾಳು ಉಬ್ಬಿ ಒಡೆದವು. ಮರುಸಲವೂ ಅದೇ. ಹೊಸ ಜಾಗ, ಎತ್ತಿ ಒಯ್ದ ಗಾಬರಿ, ಸರಿಯಾಗುತ್ತದೆ ಎಂದು ನಾನು ಫೋನಿನಲ್ಲಿ ಹೇಳಿದೆ. ಸರಿಯಾಗಲಿಲ್ಲ. ತೊಟ್ಟಿಗೆ ಏನೂ ಬೀಳದ್ದರಿಂದ ನೀರೇನೋ ತಿಳಿಯಾಗುತ್ತಿತ್ತು. ನಾನು ಬಿಟ್ಟುಬಂದಿದ್ದ ಕೊಳವೆಯಲ್ಲಿ ಪರೀಕ್ಷೆ ಮಾಡಿ ಸೊಸೆ ಕಳಿಸುವ ಫೋಟೋಗಳಲ್ಲಿ ಹಸಿರು ದಿನದಿನಕ್ಕೆ ಎಳೆಯದಾಗುತ್ತಿತ್ತು. ಉಪವಾಸವಿರುವ ಆಮೆಯ ನೀರು ತಿಳಿಯಾಗಿರುವುದು ದೊಡ್ಡ ವಿಷಯವಲ್ಲ.

ಒಂದು ಬೆಳಿಗ್ಗೆ ಅತ್ತೆಯೇ ಫೋನ್ ಮಾಡಿದರು.

"ಗಾಜಿನ ಮುಂದ ಬಂದು ಬಾಯಿ ತೆರೀತೈತಿ ಇದು. ನಾ ಪಡಸಾಲಿಗೆ ಹೋಗೂದಽ ಬಿಟ್ಟೀನಿ. ಶ್ರಾವಣದಾಗ ಒಂದು ಜೀವ ಉಪವಾಸ ಕೆಡವಿ ನಾ ಹೆಂಗ ಪೂಜಿಗೆ ಕುಂದರಲಿ, ನೀವಽ ಹೇಳ್ರಿ."

"ಅದು ತಡಕೊಳ್ಳತೈತ್ರಿ ಅವ್ವಾರ. ತೊಟ್ಟಿಯೊಳಗ ಮಾತ್ರ ಹಾಕಬ್ಯಾಡ್ರಿ."

"ಅದು ತಡಕೊಳ್ಳತೈತಿ. ನನಗ ಆಗವಲ್ದು."

ಒಂದು ತುಂಡು ರೊಟ್ಟಿ ಬಿದ್ದರೆ ಎಲ್ಲ ಮೊದಲಿನಿಂದ. ಕುಬಸಕ್ಕೆ ವಾರವೂ ಉಳಿದಿರಲಿಲ್ಲ. ಅವರು ಹಾಕಿಬಿಡುತ್ತಾರೆ ಎಂದು ನನಗೆ ಅನ್ನಿಸಿತು, ಅವರನ್ನು ದೂರುವುದೂ ಆಗಲಿಲ್ಲ. ಬರುತ್ತೇನೆ, ಅಲ್ಲಿಯತನಕ ತಡೆಯಿರಿ ಎಂದು ಕಾಕತಿಯ ಕೆಲಸ ಮುಂದೂಡಿ ರೈಲು ಹಿಡಿದೆ. ಕೂತಲ್ಲೇ ನಿದ್ದೆ ಬಂದು, ಖಾನಾಪುರದಲ್ಲಿ ಇಳಿಯುವುದು ತಪ್ಪುತ್ತಿತ್ತು, ಪಕ್ಕದವರು ಎಬ್ಬಿಸಿದರು.

ವೈನಿಯ ಹಿತ್ತಲಿನಲ್ಲಿ ಟಬ್ಬು, ಅದರಲ್ಲಿ ಕಲ್ಲಿನಂತೆ ಗುಂಡವ್ವ. ವೈನಿ ಕಾಳು ಬಿಟ್ಟರು, ನಾನು ಬಿಟ್ಟೆ, ಕಡ್ಡಿಗೆ ಗಜ್ಜರಿ ಚುಚ್ಚಿ ಮೂಗಿನ ಮುಂದೆ ಆಡಿಸಿದೆ. ಇಲ್ಲ. ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಗೋಡೆಯ ಆಚೆ ಅತ್ತೆ ಮೂಗಿಗೆ ಸೆರಗು ಹಿಡಿದು ನಿಂತಿದ್ದರು.

"ತಿಂತೇನು?" ಎಂದು ಕೇಳಿದರು.

ಟಬ್ಬಿನಲ್ಲಿ ತಲೆ ಹೊರಬಂತು. ಅವರ ದನಿ ಬಂದ ಕಡೆಗೆ ತಿರುಗಿ, ಕುತ್ತಿಗೆ ಚಾಚಿ ನಿಂತಿತು. ಅವರು ಮಾತು ನಿಲ್ಲಿಸಿದ ಮೇಲೆ ನಿಧಾನವಾಗಿ ಒಳಗೆ ಹೋಯಿತು.

"ಅವ್ವಾರ, ಇನ್ನೊಮ್ಮೆ ಮಾತಾಡ್ರಿ."

"ಏನು ಮಾತಾಡ್ಲಿ?"

ತಲೆ ಮತ್ತೆ ಬಂತು. ಇಷ್ಟು ತಿಂಗಳು ಹೊತ್ತುಹೊತ್ತಿಗೆ ಅನ್ನ ತಂದ ದನಿ ಅದು. ಗುಂಡವ್ವನ ಮಟ್ಟಿಗೆ ಊಟವೆಂದರೆ ಅತ್ತೆ. ಅವರಿಲ್ಲದ ಜಾಗದಲ್ಲಿ ಬಿದ್ದ ಕಾಳು ಊಟವಾಗಿರಲಿಲ್ಲ.

ಈಚೆ ಬನ್ನಿ ಎಂದು ನಾನು ಕರೆದೆ. ಅವರು ಕಿರುಬಾಗಿಲನ್ನು ನೋಡಿದರು. ಅರಿಶಿನ ಕುಂಕುಮಕ್ಕೆ ವೈನಿಯ ಮುಂಬಾಗಿಲಿಗೆ ಹೋಗುತ್ತಿದ್ದರೇ ಹೊರತು, ಮೀನು ಹಸನು ಮಾಡುವ ಈ ಹಿತ್ತಲಿಗೆ ಅವರು ಕಾಲಿಟ್ಟಿರಲಿಲ್ಲ. ಬಲವಂತ ಮಾಡುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. ವೈನಿ ಬಕೆಟ್ಟಿನ ನೀರು ಎತ್ತಿ ಒಗೆಯುವ ಕಲ್ಲಿನ ಸುತ್ತಲಿನ ನೆಲಕ್ಕೆ ಧಾರಾಳವಾಗಿ ಹುಯ್ದರು.

ಅತ್ತೆ ಸೀರೆಯ ನೆರಿಗೆ ತುಸು ಎತ್ತಿ ಹಿಡಿದು ಒಳಗೆ ಬಂದರು. ಟಬ್ಬಿನ ಮುಂದೆ ಬಗ್ಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ಯಾಕವಾ ಗುಂಡವ್ವ, ಯಾರ ಮ್ಯಾಲ ಸಿಟ್ಟು ನಿಂದು?"

ಬಾಯಿ ತೆರೆಯಿತು. ವೈನಿ ಪಕ್ಕದಿಂದ ಕಾಳು ಬಿಟ್ಟರು. ಕಚಕ್ಕನೆ ಹಿಡಿಯಿತು. ಇನ್ನೊಂದು, ಮತ್ತೊಂದು. ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡೇ ಮಾತಾಡುತ್ತ ಹೋದರು. ಏನೇನೋ: ಮಳೆ, ಹೆಸರುಕಾಳಿನ ದರ, ಹಿಂದಿನ ದಿನ ಬಾರದ ಹಾಲಿನವ. ವೈನಿ ನಡುವೆ ಉತ್ತರ ಕೊಡುತ್ತ ಕಾಳು ಬಿಡುತ್ತಿದ್ದರು. ಸಾಕು ಎಂದು ನಾನೇ ನಿಲ್ಲಿಸಬೇಕಾಯಿತು.

ಅಂದಿನಿಂದ ಅದು ಹಾಗೆಯೇ ನಡೆಯಿತು. ಒಯ್ಯುವವರು ವೈನಿ, ಮಾತಾಡುವವರು ಅತ್ತೆ. ಮೊದಲ ರೊಟ್ಟಿ ಮಾಳಿಗೆಯ ಪಾರಿವಾಳಗಳಿಗೆ ಹೋಗತೊಡಗಿತು. ಸುಣ್ಣದಂಶಕ್ಕೆಂದು ನಾನು ಗ್ರಂಧಿಗೆ ಅಂಗಡಿಯಿಂದ ಸಮುದ್ರನೊರೆಯ ಒಂದು ಬಿಲ್ಲೆ ತಂದು, ಅದೂ ಕಡಲ ಜೀವಿಯೊಂದರ ಒಳಚಿಪ್ಪೇ ಎಂದು ಹೇಳಿ ಟಬ್ಬಿಗೆ ಹಾಕಿದೆ. "ಕೂಸಿನ ಕಿವೀಗಿ ಹಾಕತಿದ್ವಿ ಇದನ್ನ. ಔಷಧ," ಎಂದು ಅತ್ತೆ ಅದಕ್ಕೆ ಮಾಫಿ ಕೊಟ್ಟರು. ಹನಿಗೂ ಆಹಾರಕ್ಕೂ ಸೇರಿ ಬಲಗಣ್ಣು ತೆರೆಯಿತು. ಎಡಗಣ್ಣಿನ ಊತ ಇಳಿಯುತ್ತಿದ್ದರೂ ಪೂರ್ತಿ ವಾಸಿಯಾಗುತ್ತದೆಂದು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಕುಬಸದ ದಿನ ಜನ ಸೇರುವ ಮೊದಲೇ ಹೋಗಿ ತೊಟ್ಟಿಯ ಮೂರನೇ ಒಂದು ಪಾಲು ನೀರು ಬದಲಿಸಿದೆ. ಕೊಳವೆಯ ನೀರು ಅಲುಗಾಡಿಸಿ ಕಿಟಕಿಯ ಬೆಳಕಿಗೆ ಹಿಡಿದರೆ ಹಳದಿ. ಬಿಳಿ ಕಾಗದದ ಮುಂದಿಟ್ಟು ಮತ್ತೊಮ್ಮೆ ನೋಡಿದೆ. ಹಳದಿಯೇ. ಸೊಸೆಗೆ ತೋರಿಸಿದೆ, ಅವಳು ತಲೆಯಾಡಿಸಿದಳು. ಗುಂಡವ್ವ ಉಳಿಯುವಳೋ ಹೊಳೆಗೆ ಹೋಗುವಳೋ ಎಂದು ಮಾವ ಇನ್ನೂ ಹೇಳಿರಲಿಲ್ಲ.

ಹೊರಡಬೇಕೆಂದಿದ್ದೆ, ಅತ್ತೆ ಬಿಡಲಿಲ್ಲ. ಪಡಸಾಲೆ ತುಂಬಿತು. ಹಸಿರು ಬಳೆ, ಹೊಸ ಸೀರೆ, ಸೋಬಾನೆ. ವಾಸನೆಯ ಮಾತು ಯಾರೂ ಆಡಲಿಲ್ಲ, ಆಡಲು ವಾಸನೆಯೇ ಇರಲಿಲ್ಲ. ಅತ್ತೆಯ ನಾದಿನಿಯೊಬ್ಬರು ಗಾಜಿನ ಮುಂದೆ ನಿಂತು, ಕುತ್ತಿಗೆ ಚಾಚಿದ ಗುಂಡವ್ವನನ್ನು ನೋಡಿ ಚುರಮುರಿಯ ಮುಷ್ಟಿ ಎತ್ತಿದರು.

"ಹಾಕಬ್ಯಾಡವಾ. ಅದರ ಊಟ ಆಗೇತಿ," ಎಂದರು ಅತ್ತೆ.

"ಒಂದು ಕಾಳು ಅತ್ತಿಗಿ. ನೋಡು, ಹೆಂಗ ಬೇಡಾಕತ್ತೈತಿ."

"ಒಂದೊಂದು ಕಾಳು ಅಂತಽ ಹೊಳೀತನಕ ಹೋಗಿತ್ತದು. ಇಡು ಕೆಳಗ."

"ಮತ್ತ ಎಲ್ಲಿ ಉಣತೈತಿ?"

"ಬಾಜೂಮನ್ಯಾಗ. ನಮ್ಮ ಅಡಗಿ ಸೇರಂಗಿಲ್ಲ ಅದಕ್ಕ."

ಹೆಂಗಸರೆಲ್ಲ ನಕ್ಕರು. ಸೊಸೆ ಮಣೆಯ ಮೇಲೆ ಕುಳಿತಿದ್ದಳು. ಸಂಜೆಗೆ ಬೆಳಗಾವಿಯಿಂದ ಗಾಡಿ ಬರುವುದಿತ್ತು. ಎದುರಿನ ತಟ್ಟೆಯಲ್ಲಿ ಬಡಿಸಿದ್ದೆಲ್ಲ ಹಾಗೆಯೇ ಇತ್ತು, ಯಾರು ಎಷ್ಟು ಹೇಳಿದರೂ ಆಮೇಲೆ ತಿನ್ನುತ್ತೇನೆ ಎನ್ನುತ್ತಿದ್ದಳು.

ನಾನು ಕೊಳವೆ, ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಮಾವ ಬಂದು ತೊಟ್ಟಿಯ ಪಕ್ಕ ನಿಂತರು. ಬಗ್ಗಿ ಒಮ್ಮೆ ಮೂಸಿದರು.

"ಮೇಡಂ, ನಮ್ಮಲ್ಲಿ ನಳಾ ಬರೂದು ದಿನಾ ಅಲ್ಲ. ಹಾಕೂ ನೀರು ಒಂದಿನ ಮೊದಲಽ ತುಂಬಿ ಇಡಬೇಕಂದಿದ್ರಿ. ಮುಚ್ಚಿ ಇಡಬೇಕೋ, ತೆರದೋ?"

"ತೆರದಽ ಇಡ್ರಿ. ಕ್ಲೋರಿನ್ ಹೋಗಬೇಕು."

"ಸೊಳ್ಳಿ ಆಗಂಗಿಲ್ಲ?"

"ಒಂದಿನಕ್ಕ ಆಗಂಗಿಲ್ರಿ."

"ಹಂ." ಹಿತ್ತಲ ಕಡೆ ನೋಡಿ ಏನೋ ಅಂದಾಜು ಮಾಡಿದರು. "ಹಂಗಾರ ನಾಳೆ ಎರಡು ದೊಡ್ಡ ಬಕೆಟ್ ತರಬೇಕು. ಸಣ್ಣವು ಸಾಲಂಗಿಲ್ಲ."

ಅಷ್ಟು ಹೇಳಿ ಹೊರಗಿನ ಗಂಡಸರ ಪಂಕ್ತಿಯ ಕಡೆ ಹೋದರು. ಸೊಸೆಯ ಕಡೆ ಅವರು ನೋಡಿರಲಿಲ್ಲ. ಅವಳು ಮಾತ್ರ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಳೆಗಳನ್ನು ಮೇಲಕ್ಕೆ ಸರಿಸಿ, ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಹೋಳಿಗೆಯ ಅಂಚು ಮುರಿದಳು.